ನಡುಗೋಡೆಯ ಕಿಂಡಿ

ಕರಜಗಿ, ೧೯೪೩

ಸೋಲಾಪುರದ ಗಿರಣಿಯಲ್ಲಿರುವ ನಮ್ಮ ಮನೆಯವರಿಗೆ ಸಕ್ಕುಬಾಯಿಯ ಶರಣು.

ಬೇರೆಯವರಿಂದ ಬರೆಸುವ ಮಾತಲ್ಲವೆಂದು ಅಪ್ಪ ಕಲಿಸಿದ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೇನೆ.

ಯುದ್ಧ ಶುರುವಾದ ಮೇಲೆ ಇಲ್ಲಿ ಕಡ್ಡಿಪೆಟ್ಟಿಗೆ ಸಿಗುವುದು ಕಷ್ಟ. ಒಲೆ ಆರಿದಾಗಲೆಲ್ಲ ನಡುಗೋಡೆಯ ಕಿಂಡಿಯಲ್ಲಿ ಸಗಣಿ ಕುಳ್ಳಿನ ಚೂರು ಚಾಚಿ, ಪಕ್ಕದ ಮನೆಯ ಬೀರಲಿಂಗಪ್ಪನಿಂದ ಕೆಂಡ ಇಸಿದುಕೊಳ್ಳುತ್ತಿದ್ದೆ. ಹೆಂಡತಿ ಸತ್ತ ಆ ಮನುಷ್ಯ ಈಗ ಹೊಲಕ್ಕೂ ಹೋಗದೆ ಕಿಂಡಿಯ ಬಳಿಯೇ ಕೂರುತ್ತಾನೆ. ಮೊನ್ನೆ ನನ್ನ ಕೈ ಹಿಡಿದು, "ನಿನಗಂತನ ಬೆಂಕಿ ಕಾಯ್ಕೊಂಡು ಕುಂತೇನಿ. ನೀ ಕೇಳಲಿಲ್ಲಂದ್ರ ನಾನೂ ಒಲಿ ಹಚ್ಚಂಗಿಲ್ಲ" ಎಂದ.

ನಾನು ತಕ್ಷಣ ಕೈ ಬಿಡಿಸಿಕೊಳ್ಳಲಿಲ್ಲ.

ನಿನ್ನೆ ಮಣ್ಣು ಕಲಸಿ ಕಿಂಡಿ ಮುಚ್ಚಿದೆ. ಆಚೆಯಿಂದ ಗೋಡೆ ತಟ್ಟುತ್ತಾನೆ, ನಾನು ಓಗೊಡುವುದಿಲ್ಲ. ಅವನ ಮನೆಯಲ್ಲಿ ಹೊಗೆ ಏಳುತ್ತಿಲ್ಲ. ಆದರೂ ಕಿಂಡಿ ತೆಗೆಯುವುದಿಲ್ಲ.

ಈ ಅಮಾವಾಸ್ಯೆಯೊಳಗೆ ಬಂದು ನನ್ನನ್ನು ಕರೆದುಕೊಂಡು ಹೋಗಿ. ನೀವಿರುವ ಚಾಳಿನ ಕೋಣೆಯಲ್ಲಿ ಜಾಗ ಇಕ್ಕಟ್ಟಾದರೂ ಇರುತ್ತೇನೆ. ನೀವು ಬರದಿದ್ದರೆ ನಾನೇ ಹೊರಟು ಬರುತ್ತೇನೆ.

ಕಡ್ಡಿಪೆಟ್ಟಿಗೆ ಕಳಿಸಬೇಡಿ. ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಗಿನ ತನಕ ಬೆಂಕಿ ಉಳಿಯುತ್ತದೆ. ಅದು ನನಗೆ ಮೊದಲಿನಿಂದಲೂ ಗೊತ್ತು. ನಮ್ಮ ಒಲೆಗೆ ನೀರು ಹಾಕುತ್ತಿದ್ದವಳು ನಾನೇ.

ನಿಮ್ಮ,
ಸಕ್ಕುಬಾಯಿ