ಏಳನೇ ನಂಬರಿನ ಜೆರ್ಸಿಯನ್ನು ಚಾವಣಿಯಿಂದ ಇಳಿಸಿ

ಬ್ಯಾಸ್ಕೆಟ್‌ಬಾಲ್ ಲೀಗಿನ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ಹದಿನಾರನೇ ತಾರೀಖು, ಶನಿವಾರ ಸಂಜೆ ಆರೂಕಾಲಿಗೆ, ತುಂಬಿದ ಕ್ರೀಡಾಂಗಣದಲ್ಲಿ ನೀವು ನನ್ನ ಅಳಿಯನಿಗೆ ಸನ್ಮಾನ ಮಾಡಿದಿರಿ. ಅಂದಿನಿಂದ ಅವನು ಆಡುವಂತಿಲ್ಲ. ಅವನ ಮೇಲೆ ಯಾವ ಆರೋಪವೂ ಇಲ್ಲ. ಕೈಕಾಲು ನೆಟ್ಟಗಿವೆ, ತಂಡದೊಂದಿಗಿನ ಒಪ್ಪಂದ ಸೀಸನ್ನಿನ ಕೊನೆಯವರೆಗೂ ಇದೆ. ಅವನು ಮಾಡಿದ ತಪ್ಪು ಒಂದೇ: ನೀವು ಹೂಗುಚ್ಛ ಕೊಟ್ಟಾಗ ಕೈಚಾಚಿ ತೆಗೆದುಕೊಂಡದ್ದು.

ಸಂಗತಿ ತಿಳಿಯದ ಈ ಪತ್ರಿಕೆಯ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನೀವು ಕ್ರೀಡಾಂಗಣಕ್ಕೆ ಹೊಸ ಚಾವಣಿ ಹಾಕಿಸಿದಿರಿ. ಉದ್ಘಾಟನೆ ಎಂದಮೇಲೆ ಆ ಚಾವಣಿಗೆ ಏನನ್ನಾದರೂ ತೂಗುಹಾಕಬೇಕಲ್ಲ? ದೊಡ್ಡ ಆಟಗಾರರು ನಿವೃತ್ತರಾದಾಗ ಅವರ ಜೆರ್ಸಿಯನ್ನು ಮೇಲೆ ತೂಗುಹಾಕಿ, ಆ ನಂಬರನ್ನು ಮುಂದೆ ಯಾರಿಗೂ ಕೊಡದಿರುವ ರೂಢಿ ನಮ್ಮ ಲೀಗಿನಲ್ಲಿದೆ. ಆದರೆ ಆ ಗೌರವ ಇನ್ನೂ ಸಲ್ಲಬೇಕಿದ್ದ ನಿವೃತ್ತರಿಬ್ಬರಲ್ಲಿ ಒಬ್ಬರು ಪರದೇಶದಲ್ಲಿದ್ದರು, ಇನ್ನೊಬ್ಬರು ನಿಮ್ಮೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಕೈಗೆ ಸಿಕ್ಕವನು ನನ್ನ ಅಳಿಯ. ಹದಿನೆಂಟು ವರ್ಷದಿಂದ ಆಡುತ್ತಿರುವವನು, ಕರೆದರೆ ಬರುವವನು, ‘ಬೇಡ’ ಎಂಬ ಮಾತು ಬಾಯಿಗೆ ಬಾರದವನು. ನೀವು ಗುಂಡಿ ಒತ್ತಿದಿರಿ, ಏಳನೇ ನಂಬರಿನ ಜೆರ್ಸಿ ಮೇಲೇರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ನೀರನ್ನೂ ತಂದುಕೊಂಡೆ. ಆ ನೀರನ್ನು ವಾಪಸು ಪಡೆಯುವ ಉಪಾಯ ನಿಮ್ಮ ಕಚೇರಿಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಸೋಮವಾರ ನಿಮ್ಮ ಪತ್ರ ಬಂತು. ನಿಯಮಾವಳಿಯ ಮೂವತ್ತೊಂದನೇ ಕಲಮಿನ ಪ್ರಕಾರ, “ಗೌರವಾರ್ಥ ತೂಗುಹಾಕಿದ ನಂಬರನ್ನು ಯಾವ ಆಟಗಾರನೂ ಧರಿಸತಕ್ಕದ್ದಲ್ಲ.” ಯಾವ ಆಟಗಾರನೂ ಎಂದರೆ ಆ ನಂಬರಿನ ಒಡೆಯನೂ ಸೇರಿದ. ಹಾಗಾದರೆ ಬೇರೆ ನಂಬರು ಕೊಡಿ ಎಂದು ತಂಡದವರು ಕೇಳಿದ್ದಕ್ಕೆ ಹನ್ನೆರಡನೇ ಕಲಮನ್ನು ತೋರಿಸಿದಿರಿ: ಸೀಸನ್ನಿನ ನಡುವೆ ನಂಬರು ಬದಲಿಸುವಂತಿಲ್ಲ. ಪತ್ರ ಓದಿ ಅಳಿಯ ನಕ್ಕ, ಮಗಳು ನಕ್ಕಳು, ನಾನಂತೂ ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಎರಡನೇ ಸಲ ಓದಿದಾಗ ಯಾರೂ ನಗಲಿಲ್ಲ. ಹದಿನೆಂಟು ವರ್ಷದಲ್ಲಿ ಎದುರಾಳಿಗಳು ಮೊಣಕೈಯಿಂದ ತಿವಿದು, ಕಾಲು ಕೊಟ್ಟು ಬೀಳಿಸಿ, ಒಮ್ಮೆ ಕಚ್ಚಿಯೂ ನಿಲ್ಲಿಸಲಾಗದ ಮನುಷ್ಯನನ್ನು ನೀವು ಒಂದು ಹೂಗುಚ್ಛದಿಂದ ನಿಲ್ಲಿಸಿಬಿಟ್ಟಿರಿ.

ನನ್ನ ಪರಿಚಯ ಹೇಳಬೇಕು. ನಾನು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುವ ವಿಭಾಗದಲ್ಲಿದ್ದೆ. ಅಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ತಪ್ಪು ಹುಡುಕಬೇಕು. ನಾನು ಗಟ್ಟಿಯಾಗಿ ಓದುವವಳು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕಿತ್ತು, ಅದೂ ಯಂತ್ರಗಳ ಸದ್ದನ್ನು ಮೀರಿ. ಎಷ್ಟು ನಿಯಮಾವಳಿಗಳು ನನ್ನ ಗಂಟಲಿನ ಮೂಲಕ ಹಾದುಹೋಗಿವೆಯೋ ಲೆಕ್ಕವಿಲ್ಲ. ಬದುಕಿರುವ ಮನುಷ್ಯನಿಗೆ ಅವನ ಅಂಗಿಯನ್ನೇ ನಿಷೇಧಿಸುವ ನಿಯಮ ಇದೇ ಮೊದಲು.

ಇನ್ನೊಂದು ಸತ್ಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಈ ಮದುವೆಗೆ ಮೊದಲು ಅಡ್ಡಬಂದವಳು ನಾನೇ. ಚೆಂಡು ಪುಟಿಸುವುದೂ ಒಂದು ಉದ್ಯೋಗವೇ ಎಂದು ಮಗಳ ಜೊತೆ ಎರಡು ತಿಂಗಳು ಜಗಳವಾಡಿದ್ದೆ. ಅವನು ಮೊದಲ ಸಲ ಮನೆಗೆ ಬಂದಾಗ, ಒಂದು ಪಂದ್ಯದಲ್ಲಿ ಎಷ್ಟು ಸಲ ಬುಟ್ಟಿಗೆ ಹಾಕುತ್ತೀಯೆಂದು ನೇರವಾಗಿಯೇ ಕೇಳಿದೆ.

“ನಾನು ಹಾಕೋದು ಕಮ್ಮಿ. ಬೇರೆಯವರ ಕೈಲಿ ಹಾಕಿಸ್ತೀನಿ” ಎಂದ.

“ಅಂದ್ರೆ ಮೇಸ್ತ್ರಿ ಕೆಲಸ ಅನ್ನು.”

“ಹೂಂ, ಆದ್ರೆ ಮೇಸ್ತ್ರಿಗಿಂತ ಜಾಸ್ತಿ ಓಡಬೇಕು.”

ಅವನು ಪಾಯಿಂಟ್ ಗಾರ್ಡ್. ಚೆಂಡನ್ನು ತಂದು, ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಓಡಬೇಕು ಎಂದು ಹೇಳಿ, ಸರಿಯಾದ ಕೈಗೆ ಸರಿಯಾದ ಗಳಿಗೆಯಲ್ಲಿ ತಲುಪಿಸುವವನು. ಫೋಟೋ ಮಾತ್ರ ಬುಟ್ಟಿಗೆ ಹಾಕಿದವನದು ಬರುತ್ತದೆ. ಅವನ ಮೊದಲ ತಂಡ ಎರಡೇ ವರ್ಷದಲ್ಲಿ ಮುಚ್ಚಿಹೋಯಿತು. ಎರಡನೆಯದು ಕುಳ್ಳ ಎಂದು ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಆಡಲು ಬಿಟ್ಟಿತು. ಈಗಿನ ತಂಡದಲ್ಲಿ ಒಂಬತ್ತು ವರ್ಷ. ಮಗಳ ಒತ್ತಾಯಕ್ಕೆ ಮೊದಲ ಪಂದ್ಯ ನೋಡಲು ಹೋದಾಗ ಕೈಯಲ್ಲಿ ಪುಸ್ತಕ ಹಿಡಿದಿದ್ದೆ, ಅರ್ಧ ಪುಟವೂ ಓದಲಿಲ್ಲ. ಈ ಕುಳ್ಳ ಮನುಷ್ಯ ಎತ್ತಲೋ ನೋಡುತ್ತ ಇನ್ನೆತ್ತಲೋ ಚೆಂಡು ಎಸೆದ, ಅಲ್ಲಿ ಯಾರೂ ಇರಲಿಲ್ಲ. ನಾನು ‘ಅಯ್ಯೋ ತಪ್ಪಾಯಿತು’ ಅಂದುಕೊಳ್ಳುವಷ್ಟರಲ್ಲಿ ಅಲ್ಲೊಬ್ಬ ಬಂದಿದ್ದ. ಅಧ್ಯಕ್ಷರೇ, ಇನ್ನೂ ಆಗದಿರುವುದನ್ನು ಓದಬಲ್ಲವರನ್ನು ನಾನು ಮುದ್ರಣಾಲಯದಲ್ಲೂ ಕಂಡಿರಲಿಲ್ಲ. ಆ ಪುಸ್ತಕವನ್ನು ಸೀಟಿನ ಮೇಲೇ ಮರೆತು ಬಂದೆ.

ನಿಮ್ಮ ಪತ್ರ ಬಂದ ಮರುದಿನವೇ ನಿಮ್ಮ ಕಚೇರಿಯ ಎರಡನೇ ಮಹಡಿ ಹತ್ತಿದೆ. ನೀವು ಸಭೆಯಲ್ಲಿದ್ದಿರಂತೆ. ಗುಮಾಸ್ತರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. ಇಂಥ ಗೌರವ ಎಷ್ಟು ಜನಕ್ಕೆ ಸಿಗುತ್ತದೆ ಎಂದು ನನ್ನನ್ನೇ ಸಮಾಧಾನಪಡಿಸಿದರು. ಗೌರವ ವಾಪಸು ಕೊಡಲು ಅರ್ಜಿ ನಮೂನೆ ಇದೆಯೇ ಎಂದು ಕೇಳಿದೆ. ಪಾಪ, ಮೂರು ಡ್ರಾಯರು ಎಳೆದು ನೋಡಿದರು.

“ಇಲ್ಲಮ್ಮ. ಇಲ್ಲೀವರೆಗೆ ತೂಗುಹಾಕಿದ್ದೆಲ್ಲ ಆಟ ಬಿಟ್ಟೋರದ್ದು. ಅವರ್ಯಾರೂ ವಾಪಸ್ ಕೇಳಿಲ್ಲ” ಎಂದರು.

ಆಮೇಲಿನ ವಾರಗಳಲ್ಲಿ ತಂಡ ಅವನಿಲ್ಲದೆ ಎರಡು ಪಂದ್ಯ ಸೋತಿತು. ಇನ್ನೊಬ್ಬ ಪಾಯಿಂಟ್ ಗಾರ್ಡ್ ಕಾಲು ಉಳುಕಿಸಿಕೊಂಡು ಮಲಗಿದ್ದ. ಹೀಗಾಗಿ ಕಳೆದ ಭಾನುವಾರದ ಸೆಮಿಫೈನಲ್‌ನಲ್ಲಿ ಚೆಂಡು ತರುವ ಕೆಲಸ ಎಲ್ಲರೂ ಜಿರಾಫೆ ಎಂದು ಕರೆಯುವ ಆರೂಮುಕ್ಕಾಲು ಅಡಿಯ ಆಟಗಾರನ ಪಾಲಿಗೆ ಬಂತು. ಬುಟ್ಟಿಯ ಕೆಳಗೆ ಅವನು ಹುಲಿ. ಆದರೆ ಚೆಂಡು ಪುಟಿಸುತ್ತ ಬರುವಾಗ, ಯಾರದೋ ಮನೆಯ ತುಂಬಿದ ಕೊಡವನ್ನು ಹೊತ್ತವನ ಹಾಗೆ ಬೆವರುತ್ತಿದ್ದ. ನನ್ನ ಅಳಿಯ ಟಿಕೆಟ್ ಕೊಂಡು ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ. ಅಭ್ಯಾಸಬಲದಿಂದ ಬೆರಳು ಎತ್ತಿ ಸನ್ನೆ ಮಾಡಿದ್ದಕ್ಕೆ ರೆಫರಿ ಓಡಿಬಂದು, ಇನ್ನೊಮ್ಮೆ ಮಾಡಿದರೆ ಹೊರಗೆ ಕಳಿಸುತ್ತೇನೆ ಎಂದರು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಬಾಯಿ ಮಾತ್ರ ತನ್ನಷ್ಟಕ್ಕೆ ಗೊಣಗುತ್ತಲೇ ಇತ್ತು.

ನಾಲ್ಕು ನಿಮಿಷ ಉಳಿದಿತ್ತು, ಏಳು ಅಂಕ ಹಿಂದಿದ್ದೆವು. ಅವನು ಗೊಣಗಿದ್ದು ನನ್ನ ಕಿವಿಗೆ ಬಿತ್ತು. ಮುಂದೆ ಆದದ್ದಕ್ಕೆ ನಾನು ಹೊಣೆಯಲ್ಲ, ನನ್ನ ಮೂವತ್ತೊಂದು ವರ್ಷದ ನೌಕರಿ ಹೊಣೆ. ಕಿವಿಗೆ ಬಿದ್ದದ್ದನ್ನು ಯಂತ್ರದ ಸದ್ದಿನ ಮೇಲೆ ಓದುವ ದನಿಯಲ್ಲಿ ಓದಿಬಿಟ್ಟೆ: “ಎರಡು, ಅಲ್ಪವಿರಾಮ, ಎಡಕ್ಕೆ, ಪೂರ್ಣವಿರಾಮ.” ತಂಡದವರಿಗೆ ‘ಎರಡು’ ಗೊತ್ತು, ಅದು ಅವರು ದಿನಾ ಅಭ್ಯಾಸ ಮಾಡುವ ಒಂದು ನಡೆ. ‘ಎಡಕ್ಕೆ’ ಗೊತ್ತು. ಅಲ್ಪವಿರಾಮಕ್ಕೆ ಏನು ಮಾಡಬೇಕೆಂದು ತಿಳಿಯದೆ ಜಿರಾಫೆ ಚೆಂಡು ಹಿಡಿದು ಒಂದು ಕ್ಷಣ ಸುಮ್ಮನೆ ನಿಂತುಬಿಟ್ಟ. ಅವನು ಎಸೆದೇ ಎಸೆಯುತ್ತಾನೆಂದು ಹಾರಿದ ಎದುರಾಳಿಗಳಿಬ್ಬರೂ ಅವನ ಎರಡು ಪಕ್ಕಗಳಿಂದ ಗಾಳಿಯಲ್ಲಿ ಹಾದುಹೋದರು. ಎಡಗಡೆ ರಸ್ತೆ ಖಾಲಿ. ಬುಟ್ಟಿ!

ಅಲ್ಲಿಂದ ಮುಂದೆ ಬೇಕೆಂದೇ ಓದಿದೆ. ಅಳಿಯ ಗೊಣಗಿದ, ನಾನು ಅಲ್ಪವಿರಾಮ ಸೇರಿಸುತ್ತ ಹೋದೆ. ಒಮ್ಮೆ ಆವೇಶದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಂದುಬಿಟ್ಟೆ, ಎರಡೂ ತಂಡದವರು ಆಟ ಬಿಟ್ಟು ನನ್ನ ಕಡೆ ನೋಡಿದರು. ನನ್ನ ಹಿಂದಿನ ಸಾಲಿನ ಹೆಂಗಸೊಬ್ಬರು ಪರಿಚಯವೇ ಇಲ್ಲದಿದ್ದರೂ ನನ್ನ ಹೆಗಲು ಹಿಡಿದು ಕುಣಿಯತೊಡಗಿದರು. ರೆಫರಿ ಮತ್ತೆ ಬಂದು, ನೀವು ಯಾರು ಎಂದು ಕೇಳಿದರು. ಟಿಕೆಟ್ ತೋರಿಸಿದೆ. ಪ್ರೇಕ್ಷಕರು ಕೂಗಬಾರದೆಂಬ ಕಲಮು ಹುಡುಕಿದರು, ಸಿಗಲಿಲ್ಲ. ಎಪ್ಪತ್ತೊಂದಕ್ಕೆ ಎಪ್ಪತ್ತು, ನಾವು ಗೆದ್ದೆವು. ಅರವತ್ತಮೂರನೇ ವಯಸ್ಸಿನಲ್ಲಿ, ಚಪ್ಪಲಿ ಹಾಕಿಕೊಂಡು, ಕೂತಲ್ಲಿಂದಲೇ ನಾನು ನಾಲ್ಕು ನಿಮಿಷ ಪಾಯಿಂಟ್ ಗಾರ್ಡ್ ಆಗಿದ್ದೆ. ಇಂಥ ಸುಖವೊಂದು ಲೋಕದಲ್ಲಿದೆ ಎಂದು ಮೊದಲೇ ಯಾಕೆ ಯಾರೂ ಹೇಳಲಿಲ್ಲ?

ಬುಧವಾರ ನೋಂದಾಯಿತ ಅಂಚೆಯಲ್ಲಿ ನಿಮ್ಮ ಹೊಸ ಆದೇಶ ಬಂತು: ಗೌರವಿಸಲ್ಪಟ್ಟ ಆಟಗಾರರ ರಕ್ತಸಂಬಂಧಿಗಳಾಗಲಿ ವಿವಾಹಸಂಬಂಧಿಗಳಾಗಲಿ ಪಂದ್ಯದ ವೇಳೆ ಮೌನವಾಗಿರತಕ್ಕದ್ದು. ಅತ್ತೆಯ ಬಾಯಿ ಮುಚ್ಚಿಸುವ ಆದೇಶ ಸಿಕ್ಕರೆ ಲೋಕದ ಅಳಿಯಂದಿರೆಲ್ಲ ಅದಕ್ಕೆ ಚೌಕಟ್ಟು ಹಾಕಿಸುತ್ತಿದ್ದರು. ನನ್ನ ಅಳಿಯ ಮಾತ್ರ ಓದಿ ಪೆಚ್ಚಾದ. ಮೂರು ದಿನದಲ್ಲಿ ಹೊಸ ನಿಯಮ ಬರೆದು, ಅಚ್ಚು ಹಾಕಿಸಿ, ಅಂಚೆಗೆ ಹಾಕಬಲ್ಲ ನಿಮಗೆ, ಮೂವತ್ತೊಂದನೇ ಕಲಮಿಗೆ ‘ಆ ಆಟಗಾರನ ಹೊರತು’ ಎಂದು ಸೇರಿಸಲು ಒಂದು ತಿಂಗಳಾದರೂ ಕೈ ಬರಲಿಲ್ಲವೇ?

ಅದೇ ಸಂಜೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಅಡುಗೆಮನೆಯಲ್ಲಿ ಅವನು ನೋವು ತಗ್ಗಲೆಂದು ಫ್ರಿಜ್ಜಿನ ತಣ್ಣನೆಯ ಬಟಾಣಿ ಪೊಟ್ಟಣವನ್ನು ಬಲಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಆಡಲು ಬಿಡದಿದ್ದರೂ ದಿನಾ ಅಭ್ಯಾಸಕ್ಕೆ ಹೋಗುತ್ತಾನೆ. ಅವನಿಗೆ ಮೂವತ್ತೇಳು, ಮಂಡಿ ಈ ಸೀಸನ್ನಿನಾಚೆಗೆ ಬಾರದು ಎಂದು ವೈದ್ಯರು ಹೇಳಿಯಾಗಿದೆ. ಎರಡು ಸಲ ಫೈನಲ್ ಆಡಿ ಎರಡು ಸಲವೂ ಸೋತವನು. ಒಮ್ಮೆ ಕೊನೇ ಗಳಿಗೆಯಲ್ಲಿ, ಬುಟ್ಟಿಯೆದುರು ಒಬ್ಬಂಟಿಯಾಗಿದ್ದ ಜೊತೆಯವನಿಗೆ ಚೆಂಡು ಕೊಟ್ಟ, ಆ ಜೊತೆಯವನ ಗುರಿ ತಪ್ಪಿತು. ಇವತ್ತಾದರೂ ಅವನಿಗೇ ಕೊಡುತ್ತೇನೆ ಎನ್ನುತ್ತಾನೆ ನನ್ನ ಅಳಿಯ. ಬೇಜಾರಾಗಿದೆಯಾ ಎಂದು ಮಗಳು ಕೇಳಿದಳು.

“ನಿಲ್ಲಿಸೋದೇನೋ ನಿಲ್ಲಿಸಲೇಬೇಕು ಕಣೆ. ನಾನೇ ನಿಲ್ಲಿಸಬೇಕಿತ್ತು, ಅಷ್ಟೇ” ಎಂದ.

ಇಷ್ಟು ವರ್ಷದಲ್ಲಿ ಅವನು ತನಗಾಗಿ ಕೇಳಿದ್ದನ್ನು ನಾನು ಕೇಳಿಸಿಕೊಂಡದ್ದು ಇದೊಂದೇ. ಅದನ್ನೂ ನಿಮ್ಮ ಹತ್ತಿರ ಕೇಳಲಿಲ್ಲ, ಹೆಂಡತಿಯ ಹತ್ತಿರ ಹೇಳಿದ. ಆದ್ದರಿಂದ ನಾನು ಕೇಳುತ್ತಿದ್ದೇನೆ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಫೈನಲ್. ಅದಕ್ಕೆ ಮೊದಲು ಆ ಜೆರ್ಸಿಯನ್ನು ಕೆಳಗಿಳಿಸಿ. ಪಂದ್ಯ ಮುಗಿದ ಮೇಲೆ, ಅವನೇ ಬೆವರಿಗೆ ಒದ್ದೆಯಾದದ್ದನ್ನು ಕಳಚಿಕೊಟ್ಟರೆ, ಮತ್ತೆ ತೂಗುಹಾಕಿ, ನಾನೇ ಗುಂಡಿ ಒತ್ತುತ್ತೇನೆ. ಇಳಿಸಲಾರಿರಾದರೆ ಕಾರಣವನ್ನು ನನಗೆ ಅಂಚೆಯಲ್ಲಿ ಕಳಿಸಬೇಡಿ. ಇದೇ ಪತ್ರಿಕೆಯಲ್ಲಿ, ಶನಿವಾರದೊಳಗೆ, ನಿಮ್ಮ ಸಹಿಯೊಂದಿಗೆ ಎಲ್ಲರೂ ಓದುವಂತೆ ಪ್ರಕಟಿಸಿ: ನನ್ನ ಅಳಿಯ ಭಾನುವಾರ ತನ್ನ ಅಂಗಿ ತೊಟ್ಟು ಆಡಬಹುದೋ, ಬಾರದೋ?

ಇಂತಿ,
ಆದೇಶದನ್ವಯ ಮೌನವಾಗಿರಬೇಕಾದ,
ವಿವಾಹಸಂಬಂಧಿ