ತಣ್ಣನೆಯ ಮಂಗಳಾರತಿ

ನವೆಂಬರ್ 3, ಸೋಮವಾರ, ಬೆಳಿಗ್ಗೆ

ಇವತ್ತೂ ಅರ್ಧಕ್ಕೇ ಎದ್ದೆ. ಉಸಿರು ಆಗಷ್ಟೇ ಒಂದು ಹದಕ್ಕೆ ಬಂದಿತ್ತು... ಅತ್ತೆಯ ಕೂಗು. "ಅಮ್ಮಯ್ಯಾ, ನಿನ್ ಗ್ಯಾನ ಮುಗೀತಾ? ಒಸಿ ದೀಪ ಹಚ್ ಬಾ."

ಧ್ಯಾನ ಅನ್ನಲು ಬರುವುದಿಲ್ಲ ಅವರಿಗೆ. ನೆನಪಿಗೂ ಗ್ಯಾನ, ಗಮನಕ್ಕೂ ಗ್ಯಾನ, ನಾನು ಚಾಪೆ ಹಾಸಿ ಕೂರುವುದೂ ಗ್ಯಾನ.

ಕೂತು ಎದ್ದ ಮೇಲೆ ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರಿಗೂ ತೋರಿಸಬೇಡಿ ಅಂತ ಧ್ಯಾನದ ಕ್ಲಾಸಿನ ಪ್ರಭುದೇವ್ ಸರ್ ಹೇಳಿದ್ದಾರೆ. ಸರಿ, ಬರೆಯುತ್ತೇನೆ — ಸಿಟ್ಟು ಬಂದಿದೆ. ಸಿಟ್ಟು ಇಳಿಯಲಿ ಅಂತಲೇ ಕ್ಲಾಸಿಗೆ ಸೇರಿದ್ದು. ಈಗ ಅದರ ದೆಸೆಯಿಂದಲೇ ಸಿಟ್ಟು.

ಗ್ಲಾಕೋಮಾ ಬಂದು ಅತ್ತೆಯ ಕಣ್ಣು ಪೂರ್ತಿ ಹೋಗಿ ವರ್ಷಗಳೇ ಆದವು. ಹೂವು, ಅರಿಶಿನ, ಕುಂಕುಮ ಎಲ್ಲ ತಡವಿಕೊಂಡು ತಾವೇ ಇಡುತ್ತಾರೆ. ಕದಿರಿ ನರಸಿಂಹಸ್ವಾಮಿ ಫೋಟೊದ ಹಣೆ ಒಂದು ದಿನವೂ ತಪ್ಪಿಲ್ಲ. ಬೆಂಕಿ ಮಾತ್ರ ನನ್ನ ಪಾಲು. ಒಮ್ಮೆ ಸೆರಗಿಗೆ ಹತ್ತಿಕೊಂಡಿತ್ತು. ಆಗ ನಮ್ಮ ಯಜಮಾನರು ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟು, "ಇನ್ಮೇಲೆ ನೀನೇ ನೋಡ್ಕೊ" ಅಂದರು. ಹಾಗಂದು ಲಾರಿ ಓಡಿಸಲು ಹೊರಟರು. ಇವರಿಗೇನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಆಯಿತು. ಮನೆಯಲ್ಲಿ ನಾವಿಬ್ಬರೇ.

ಬಸ್ಸಿಗೆ ಹೊತ್ತಾಯಿತು.

ನವೆಂಬರ್ 5, ಬುಧವಾರ, ಸಂಜೆ

ಬೆಳಿಗ್ಗೆ ಕರ್ಪೂರದ ಡಬ್ಬಿ ಖಾಲಿ. ಬತ್ತಿಯೂ ಇರಲಿಲ್ಲ, ಹೊಸೆಯಬೇಕು. ಅತ್ತೆ ಫೋಟೊದ ಮುಂದೆ ಕೈಮುಗಿದು ಕೂತಾಗಿತ್ತು. ನನ್ನ ಮನಸ್ಸೆಲ್ಲ ಚಾಪೆಯ ಮೇಲೆ.

ಊದುಬತ್ತಿ ಹಚ್ಚಿದೆ. ಗಂಟೆ ಬಾರಿಸಿದೆ. ಖಾಲಿ ಮಂಗಳಾರತಿ ತಟ್ಟೆ ಎತ್ತಿ ಅವರ ಮುಂದೆ ಹಿಡಿದೆ.

ಎರಡೂ ಅಂಗೈ ಚಾಚಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಕಣ್ಣಿಗೊತ್ತಿಕೊಂಡು, "ಎಲ್ರುನ್ನೂ ಚೆಂದಾಗಿ ಮಡಗಪ್ಪಾ" ಅಂದರು.

ಅವರಿಗೆ ಗೊತ್ತಾಗಲಿಲ್ಲ. ಸ್ಕೂಲಿಗೆಂದು ಪುರವರದ ಬಸ್ಸಿನಲ್ಲಿ ಕೂತ ಮೇಲೂ ಆ ಚಾಚಿದ ಅಂಗೈಗಳೇ ಕಣ್ಮುಂದೆ. ಅದೂ ಕಾರ್ತಿಕದ ಹುಣ್ಣಿಮೆ. ಸ್ಕೂಲಿನಲ್ಲಿ ಯಾವುದೋ ಮಗುವಿನ ಮೇಲೆ ಸುಮ್ಮಸುಮ್ಮನೆ ರೇಗಿದೆ. ನಾಳೆ ಕರ್ಪೂರ ತರಬೇಕು.

ನವೆಂಬರ್ 8, ಶನಿವಾರ

ಕರ್ಪೂರ ತರಲು ಮರೆತೆ ಅಂತ ಬರೆಯಹೊರಟಿದ್ದೆ. ಮರೆತಿಲ್ಲ. ಅಂಗಡಿಯ ಮುಂದೆಯೇ ನಡೆದುಬಂದೆ.

ಖಾಲಿ ತಟ್ಟೆಯಾದರೆ ಎಲ್ಲ ಚಿಟಿಕೆಯಲ್ಲಿ ಮುಗಿಯುತ್ತದೆ. ಬತ್ತಿ ಹೊಸೆಯುವುದಿಲ್ಲ, ಎಣ್ಣೆ ಒರೆಸುವುದಿಲ್ಲ. ನೇರ ಬಂದು ಕೂರಬಹುದು.

ಪೂಜೆ ದೊಡ್ಡದೋ ಧ್ಯಾನ ದೊಡ್ಡದೋ ಅಂತ ಕ್ಲಾಸಿನಲ್ಲಿ ಕೇಳಿದೆ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲಿಲ್ಲ. ಸರ್ ಅಂದರು, "ಓಡಾಡೋ ಮನಸ್ಸನ್ನು ಕೂರಿಸೋಕೆ ಪೂಜೆ ಬೇಕಮ್ಮ. ಕೂತ ಮನಸ್ಸಿಗೆ ಧ್ಯಾನ. ಕೈಗೊಂದು ಕೆಲಸ ಇದ್ದರೇ ದೇವರು ಹತ್ತಿರ ಅನ್ನೋರೂ ಇದ್ದಾರೆ, ಅವರನ್ನ ಎಬ್ಬಿಸೋಕೆ ಹೋಗಬೇಡಿ." ಮೊದಲ ಎರಡು ಮಾತು ಮಾತ್ರ ಮನೆಗೆ ತಂದುಕೊಂಡೆ. ನನಗೆ ಬೇಕಾದದ್ದು ಅಷ್ಟೇ.

ಅತ್ತೆಗೆ ಶನಿವಾರ ಒಪ್ಪೊತ್ತು. ಹಸಿದ ಹೊಟ್ಟೆಯಲ್ಲಿ ಕೂತು ತಣ್ಣನೆಯ ತಟ್ಟೆಗೆ ಕೈ ಚಾಚಿದರು. ಭಾವ ಮುಖ್ಯ ಅಲ್ಲವೇ. ಅವರಿಗೆ ಭಾವ ಇದೆ.

ನವೆಂಬರ್ 12, ಬುಧವಾರ

ಇಂಥ ಧ್ಯಾನ ಯಾವತ್ತೂ ಆಗಿರಲಿಲ್ಲ. ಮೈಯೇ ಇಲ್ಲದ ಹಾಗೆ. ಎದ್ದಾಗ ಕಣ್ಣಲ್ಲಿ ನೀರು.

ಅತ್ತೆಯ ಕೈ ಈಚೆಗೆ ತೀರಾ ಕೆಳಗಿಳಿಯುತ್ತಿದೆ. ಇವತ್ತು ಬೆರಳು ತಟ್ಟೆಗೇ ತಗುಲಿತು. ವಯಸ್ಸು, ತೋಳಿನಲ್ಲಿ ಶಕ್ತಿ ಇಲ್ಲ. ಕ್ಯಾಲ್ಸಿಯಂ ಮಾತ್ರೆ ತರಬೇಕು.

ನವೆಂಬರ್ 17, ಸೋಮವಾರ, ಮಧ್ಯಾಹ್ನ

ರಜೆ ಹಾಕಿದ್ದೇನೆ. ಆಸ್ಪತ್ರೆಯಿಂದ ಈಗಷ್ಟೇ ಬಂದೆವು.

ನಾದಿನಿ ಗಂಗಲಕ್ಷ್ಮಿ ನಿನ್ನೆ ಪಾವಗಡದಿಂದ ಬಂದಳು, ಕಡೇ ಕಾರ್ತಿಕ ಸೋಮವಾರ ಅಮ್ಮನ ಜೊತೆ ಇರಬೇಕು ಅಂತ. ಬರುವಾಗಲೇ ಕರ್ಪೂರ, ತುಪ್ಪ, ಬತ್ತಿ ಎಲ್ಲ ತಂದಿದ್ದಳು. "ಅತ್ತಿಗೆ, ದಿನಾ ನೀವೇ ಮಾಡ್ತೀರ. ಇವತ್ತು ನೀವು ಆರಾಮಾಗಿ ಕೂತ್ಕಳಿ, ನಾನ್ ನೋಡ್ಕಂತೀನಿ" ಅಂದಳು. ಒಳಗೆ ಹೋಗಿ ಕಣ್ಣು ಮುಚ್ಚಿ ಕೂತೆ. ಖುಷಿಯಾಗಿಯೇ ಕೂತೆ.

ಗಂಟೆ ಕೇಳಿಸಿತು. ಅದರ ಹಿಂದೆಯೇ ಅತ್ತೆಯ ಕಿರುಚು.

ದಪ್ಪ ಕರ್ಪೂರ ಉರಿಯುತ್ತಿದ್ದ ತಟ್ಟೆಯ ಮೇಲೆ ಅತ್ತೆ ಎರಡೂ ಅಂಗೈ ನೇರ ಊರಿಬಿಟ್ಟಿದ್ದರು. ತಟ್ಟೆ ಬಿದ್ದು ಉರುಳುತ್ತಿತ್ತು. ಗಂಗಿ ಚೊಂಬಿನ ನೀರು ಅವರ ಕೈಗೆ ಸುರಿಯುತ್ತ, "ಅಯ್ಯೋ ಅಮ್ಮಾ, ನಾನೇ ತೀರಾ ಹತ್ರ ಇಡ್ದ್‌ಬುಟ್ಟೆ, ನಾನೇ ಸುಟ್‌ಬುಟ್ಟೆ" ಅಂತ ಅಳುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದೆ. ನೋಡಿದ ಕೂಡಲೇ ಗೊತ್ತಾಯಿತು. ಕೈ ಅಷ್ಟು ಕೆಳಗಿಳಿಸುವ ಅಭ್ಯಾಸ ಯಾರು ಮಾಡಿಸಿದ್ದು ಅಂತ.

ಆಸ್ಪತ್ರೆಯಲ್ಲಿ ಡಾಕ್ಟರು ಹೆಂಗಾಯ್ತಮ್ಮ ಅಂತ ಕೇಳಿದರು. ಅತ್ತೆ ಅಂದರು, "ನನ್ ಗ್ಯಾನ ಎಲ್ಲೋ ಇತ್ತು ಕಣಪ್ಪಾ."

ನಾನು ಚೀಟಿ ತೆಗೆದುಕೊಂಡು ಔಷಧಿ ತರಲು ಎದ್ದುಹೋದೆ.

ನವೆಂಬರ್ 18, ಮಂಗಳವಾರ

ಗಂಗಿ ಹೊರಟಳು. ರಾತ್ರಿ ಅನ್ನ ಮುಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಹೆತ್ತ ತಾಯಿ ಕೈ ಸುಟ್ಟೋಳು ನಾನು. ನಮ್ಮಣ್ಣಂಗೆ ಯಾವ್ ಮುಖ ತೋರಿಸ್ಲಿ" ಅಂದಳು.

ಹೇಳಬಹುದಿತ್ತು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. "ಹೋಗ್ಲಿ ಬಿಡು, ಬೇಕಂತ ಮಾಡಿದ್ದಲ್ಲವಲ್ಲ" ಅಂದೆ. ದೊಡ್ಡ ಮನಸ್ಸಿನವಳ ಹಾಗೆ. ಥೂ.

ನವೆಂಬರ್ 20, ಗುರುವಾರ

ಅತ್ತೆಯ ಎರಡೂ ಕೈಗೆ ಬ್ಯಾಂಡೇಜು. ನಾನೇ ತುತ್ತು ಕೊಡುತ್ತೇನೆ, ನಾನೇ ಮುಖ ತೊಳೆಸುತ್ತೇನೆ. ಹೂವು ಮುಟ್ಟಲಾಗದು ಅವರಿಗೆ, ಕುಂಕುಮ ಇಡಲಾಗದು.

ಮುದ್ದೆ ಮುರಿದು ಬಾಯಿಗಿಡುತ್ತಿದ್ದೆ. ಅವರಾಗಿಯೇ ಮಾತು ತೆಗೆದರು.

"ದಿನಾ ಬಿಸಿ ಹುಡುಕ್ತಿದ್ದೆ ಕಣಮ್ಮ. ಇನ್ನೊಸಿ ಕೆಳಕ್ಕಿರಬೋದು, ಇನ್ನೊಸಿ ಕೆಳಕ್ಕಿರಬೋದು ಅಂತ."

ತುತ್ತು ಕೈಯಲ್ಲೇ ಉಳಿಯಿತು. "ಗೊತ್ತಿತ್ತಾ ನಿಮಗೆ?"

"ಕಣ್ಣೋಗೈತೆ. ಕೈ ಎಲ್ಲೋಗಿತ್ತು?"

"ಒಂದು ಮಾತು ಕೇಳಬಾರದಿತ್ತಾ ಅತ್ತೆ?"

"ಕೇಳಿದ್ರೆ ನೀನು ಸಿಡುಕ್ಕಂಡು ಹಚ್ಚಿರ್ತಿದ್ದೆ. ಸಿಡುಕಿನ್ ದೀಪ ಯಾಕೆ ದೇವ್ರಿಗೆ ಅಂತ ಸುಮ್ಕಾದೆ. ಕಣ್ ಮುಚ್ಚಿದ್ರೆ ನಿಂಗೇನೋ ಕಾಣ್ತದಂತೆ. ನಂದು ಮುಚ್ಚಿ ಎಸ್ಟ್ ವರ್ಸ ಆತು... ಬರೀ ಕತ್ಲು ಕಣಮ್ಮ. ಬೆಳಗ್ಗೆ ಒಂದ್ ಗಳಿಗೆ ಅಂಗೈಗೆ ಬಿಸಿ ತಾಗ್ತಿತ್ತಲ್ಲ, ಆಗ ಅವನು ಎದುರಿಗವ್ನೆ ಅನ್ಸೋದು."

ಕಾಲು ಹಿಡಿದುಕೊಂಡೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನಂಗೇನೂ ಹೇಳ್‌ಬ್ಯಾಡ. ಗಂಗಿಗೆ ಹೇಳು. ಉಣ್ತಿಲ್ಲ ಅಂತ ಅಳಿಯ ಫೋನ್ ಮಾಡಿದ್ದ."

ನವೆಂಬರ್ 21, ಶುಕ್ರವಾರ, ಬೆಳಿಗ್ಗೆ

ಚಾಪೆ ಬಿಚ್ಚಲಿಲ್ಲ. ಬತ್ತಿ ಹೊಸೆದು ದೀಪ ಹಚ್ಚಿದೆ. ಗಂಟೆ ಬಾರಿಸಿ ಮಂಗಳಾರತಿ ತಂದೆ. ಚಾಚಲು ಅವರಿಗೆ ಕೈಯಿಲ್ಲ. ಮುಖ ಮುಂದಕ್ಕೆ ತಂದು, "ಹತ್ರ ಹಿಡಿ" ಅಂದರು. ಹಿಡಿದೆ. "ಇನ್ನೊಸಿ" ಅಂದರು. ನನ್ನ ಕೈಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಅಲ್ಲೇ ನಿಲ್ಲಿಸಿದೆ. ಬಿಸಿ ಕೆನ್ನೆಗೆ ತಾಗಿತೋ ಇಲ್ಲವೋ ತಿಳಿಯಲಿಲ್ಲ.

ಗಂಗಿಗೆ ಫೋನ್ ಮಾಡಿದೆ. ನನಗೆ ಮಾತಿಗೆ ಎಡೆಯೇ ಕೊಡಲಿಲ್ಲ. "ಅತ್ತಿಗೆ, ಇನ್ಮುಂದೆ ಅಮ್ಮಂಗೆ ನೀವೇ ಮಂಗಳಾರತಿ ಕೊಡಿ. ಬೇರೆ ಯಾರ್ ಕೈಗೂ ಕೊಡಬ್ಯಾಡಿ. ಇಷ್ಟು ದಿನ ನಿಮ್ ಕೈಲಿ ಒಂದ್ಸಲನಾದ್ರೂ ಸುಟ್ಟಿತ್ತಾ?"

ಕಟ್ ಮಾಡಿಬಿಟ್ಟೆ.

ಮತ್ತೆ ಮಾಡಬೇಕು. ಈಗಲೇ. ಬಾಯಿಗೆ ಬರುವುದಿಲ್ಲ, ಇಲ್ಲಿ ಬರೆದುಕೊಂಡು ಓದಿಬಿಡುತ್ತೇನೆ.

ಗಂಗಿ, ನನ್ನ ಕೈಯಲ್ಲಿ ಸುಡಲಿಲ್ಲ, ಯಾಕೆಂದರೆ