ನಾಲ್ಕು ಒದ್ದೆ, ಒಂದು ಒಣ

ಮೇ 4, ಸೋಮವಾರ. ಬೆಳಗ್ಗೆ 6

ಟ್ಯೂಬ್ ಎಳೆದದ್ದು — ಹದಿನೈದು, ಮೂರು ಸಲ. ಗೋಡೆಗೆ ಕೈ ಊರಿ ಒತ್ತಿದ್ದು — ಹತ್ತು. ಏಳನೆಯದಕ್ಕೆ ಒಳಗೆ ಕಟಕ್ ಅಂತು. ನೋವಿಲ್ಲ, ಸದ್ದು ಮಾತ್ರ.

ಈ ನೋಟ್‌ಬುಕ್ಕು ಫಿಸಿಯೋ ಬ್ರಾನ್ವಿನ್ ಕೊಟ್ಟದ್ದು. ಎಷ್ಟು ಸಲ ಮಾಡಿದೆ, ಎಲ್ಲಿ ನೋವು, ಬರೆದಿಡಬೇಕಂತೆ. ನನ್ನ ಉಪಯೋಗಕ್ಕೇ ಅಂತೆ, ಅವಳು ನೋಡುವುದಿಲ್ಲವಂತೆ. ನಂಬಬೇಕು! ನಾನು ಬಾಯಿಬಿಟ್ಟದ್ದನ್ನೆಲ್ಲ ಕಂಪ್ಯೂಟರಿಗೆ ಕುಟ್ಟುತ್ತಾಳಲ್ಲ, ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ನಕ್ಕಳು. ನಗುವಂಥದ್ದೇನಿತ್ತೋ.

ಇಪ್ಪತ್ತಾರು ವರ್ಷ ಕುರಿಗಳ ಉಣ್ಣೆ ಕತ್ತರಿಸಿದವನು. ದಿನಕ್ಕೆ ನೂರ ಅರವತ್ತು ಕುರಿ. ಫೆಬ್ರವರಿಯಲ್ಲಿ ದೊಡ್ಡಿಯಿಂದ ಎಳೆದು ತರುವಾಗ ಒಂದು ದಡಿಯ ಟಗರು ಝಾಡಿಸಿ ಒದೆಯಿತು, ಬಲಭುಜ ಕೀಲು ತಪ್ಪಿತು. ಈಗ ಬಾಗಿಲ ಹಿಡಿಗೆ ಸೈಕಲ್ ಟ್ಯೂಬು ಕಟ್ಟಿ ಎಳೆಯುತ್ತಿದ್ದೇನೆ. ಸುತ್ತಿದ ಟವೆಲೊಂದು ಕಂಕುಳಲ್ಲಿ. ಅದು ಬೀಳಬಾರದು. ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿತು ಅಂತ, ಮಾಡಿದ್ದೆಲ್ಲ ದಂಡ.

ಗ್ಲೆನಿಸ್ ಐದಕ್ಕೇ ಹೊರಟಳು. ಉಣ್ಣೆ ಕತ್ತರಿಸುವ ಗುತ್ತಿಗೆ ಹಿಡಿಯುವ ಪರ್ಸೆಲ್‌ನ ತಂಡಕ್ಕೆ ನನ್ನ ಹೆಂಡತಿಯೇ ಅಡುಗೆಯವಳು. ಸೋಮವಾರ ಹೋದರೆ ಶುಕ್ರವಾರ ವಾಪಸ್. ಮೊದಲು ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಜಗಳ ಆಡಿಕೊಂಡು. ಅದೂ ಈಗ ಇಲ್ಲ.

ಮೇ 9, ಶನಿವಾರ

ಟ್ಯೂಬ್ — ಹದಿನೈದು, ಮೂರು. ಗೋಡೆ — ಹನ್ನೆರಡು.

ನನ್ನ ಜಾಗಕ್ಕೆ ಪರ್ಸೆಲ್ ನ್ಯೂಜಿಲೆಂಡಿನವನೊಬ್ಬನನ್ನು ತಂದಿದ್ದಾನೆ. ತಮಾತಿ ಅಂತ. ಮಾವೊರಿ, ಅಲ್ಲಿನ ಮೂಲನಿವಾಸಿ. ಮೂವತ್ತೆರಡು ವರ್ಷ, ದಿನಕ್ಕೆ ನೂರ ಎಂಬತ್ತು. ತಿಂದ ತಟ್ಟೆ ತಾನೇ ತೊಳೆದಿಡುತ್ತಾನಂತೆ. ಗ್ಲೆನಿಸ್ ಈ ವಿಷಯವನ್ನು ಎರಡು ಸಲ ಹೇಳಿದಳು. ನಾನೇನು ತಟ್ಟೆ ತೊಳೆದವನೇ ಅಲ್ಲವೋ ಅಂತ ಯೋಚಿಸಿದೆ. ತೊಳೆದದ್ದು ನೆನಪಿಲ್ಲ. ಆದರೂ ಎರಡು ಸಲ ಹೇಳಬೇಕೇ?

ಮೇ 17, ಭಾನುವಾರ. ಸಂಜೆ

ಫ್ರಿಜ್ ಮೇಲೆ ಅಂಟಿಸಿದ್ದ ವ್ಯಾಯಾಮದ ಹಾಳೆ ಕಾಣೆ. ಬ್ರಾನ್ವಿನ್ ಕೊಟ್ಟದ್ದು, ಚಿತ್ರಗಳಿದ್ದದ್ದು. ಗ್ಲೆನಿಸ್‌ನ ಕೇಳಿದರೆ, ಬಿದ್ದು ಗುಡಿಸುವಾಗ ಹೋಗಿರಬೇಕು ಅಂತಾಳೆ. ಗುಡಿಸುವಾಗ ಒಂದು ಅಂಗಿ ಗುಂಡಿಯನ್ನೂ ಬಿಡದೆ ಎತ್ತಿಡುವವಳು ಅವಳು.

ಊಟಕ್ಕೆ ಕೂತಾಗ ಕೇಳಿದಳು — ಆ ಮಗ್ಗುಲಿಗೆ ಮಲಗಿದರೆ ನೋವಾಗುತ್ತದಾ, ಬೆರಳು ಜೋಮು ಹಿಡಿಯುತ್ತಿತ್ತಾ, ಮೊದಲು ಯಾವ ವ್ಯಾಯಾಮ ಕೊಟ್ಟರು? ಮೂರು ತಿಂಗಳಿಂದ ಒಮ್ಮೆಯೂ ಕೇಳದವಳು. ಯಾರೋ ಕೇಳಿಸುತ್ತಿದ್ದಾರೆ. ನಾನು ವಾಪಸ್ ಬರುತ್ತೇನೋ ಇಲ್ಲವೋ ಅಂತ ತಿಳಿಯಬೇಕಾದವನು ಒಬ್ಬನೇ ಇದ್ದಾನೆ, ನನ್ನ ಜಾಗಕ್ಕೆ ಬಂದವನು. ಎಲ್ಲಾ ಸರಿಯಾಗಿದೆ, ಕುದುರೆ ಹಾಗೆ ಇದ್ದೇನೆ ಅಂತ ಹೇಳಿದೆ. ಹೋಗಿ ಹೇಳಲಿ.

ಮೇ 30, ಶನಿವಾರ

ಹಾಳೆ ವಾಪಸ್ ಬಂದಿದೆ! ಅದೇ ಜಾಗದಲ್ಲಿ, ಅದೇ ಆಯಸ್ಕಾಂತದ ಕೆಳಗೆ. ಆದರೆ ನಾಲ್ಕು ಮಡಿಕೆಯ ಗುರುತು. ಮೂಲೆಯಲ್ಲಿ ಹೆಬ್ಬೆರಳಿನ ಜಿಡ್ಡು. ಮೂಸಿ ನೋಡಿದೆ. ಕುರಿ ಉಣ್ಣೆಯ ಜಿಡ್ಡೇ. ನನ್ನದಲ್ಲ, ನನ್ನ ಕೈ ಫೆಬ್ರವರಿಯಿಂದ ಪಾದ್ರಿಯ ಕೈ ಹಾಗೆ ತೊಳೆದುಕೊಂಡಿದೆ.

ಗ್ಯಾರೇಜಿನಲ್ಲಿ ಹಳೇ ಸೈಕಲ್ ಟ್ಯೂಬು ಮೂರಿದ್ದವು. ಈಗ ಒಂದಿದೆ.

ಏನೂ ಕೇಳಲಿಲ್ಲ. ನೋಡೋಣ, ಎಲ್ಲಿಗೆ ಹೋಗುತ್ತದೆ ಅಂತ.

ಜೂನ್ 11, ಗುರುವಾರ

ಬ್ರಾನ್ವಿನ್ ಗೋಡೆಗೆ ಚೆಂಡು ಒತ್ತಿ ಹಿಡಿಯಲು ಹೇಳಿದಳು. ಒಂದು ನಿಮಿಷ. ಮೂವತ್ತನೇ ಸೆಕೆಂಡಿಗೆ ತೋಳು ಗಡಗಡ. ಅವಳು ಹಿಂದೆ ನಿಂತು ಬೆನ್ನ ಮೇಲಿನ ಹಲಗೆ ಮೂಳೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು.

“ನೆವಿಲ್, ಎಳೆಯೋ ಶಕ್ತಿ ನಿಮಗೆ ಬಂದುಬಿಟ್ಟಿದೆ. ಕೀಲನ್ನ ಜಾಗದಲ್ಲಿ ಹಿಡಿದಿಟ್ಕೊಳ್ಳೋ ಶಕ್ತಿ ಬಂದಿಲ್ಲ. ಇನ್ನೂ ಆರು ವಾರ ಬೇಕು.”

ಕೆಲಸಕ್ಕೆ ಹೋಗಬಹುದು ಅಂತ ಪತ್ರ ಕೇಳಿದೆ. ಕೊಡಲಿಲ್ಲ.

ಮನೆಗೆ ಬಂದರೆ ಪರ್ಸೆಲ್‌ನ ಫೋನು. ಒಬ್ಬ ಬಿಟ್ಟು ಹೋಗಿದ್ದಾನೆ, ಜುಲೈ ಆರಕ್ಕೆ ವಾರಿಲಾದ ಉಣ್ಣೆ ಕತ್ತರಿಸುವ ಶೆಡ್ಡಿಗೆ ಐದನೆಯವನು ಬೇಕು, ಬರ್ತೀಯಾ ಅಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಇನ್ನೊಂದು ಮಾತು ಸೇರಿಸಿದ — ಆಗಸ್ಟಿನಿಂದ ತಿಂಗಳುಗಟ್ಟಲೆ ನಡೆಯುವ ಶೆಡ್ಡಿನಲ್ಲಿ ನಾಲ್ಕೇ ಜನಕ್ಕೆ ಜಾಗ. ಕ್ಲೆಮ್ ಮುದುಕ ಇರುತ್ತಾನೆ, ಫ್ಯಾರೆಲ್ ಅಣ್ಣತಮ್ಮ ಇರುತ್ತಾರೆ. ನಾಲ್ಕನೆಯವನು ನಾನೋ ತಮಾತಿಯೋ, ವಾರಿಲಾದಲ್ಲಿ ನೋಡಿ ಹೇಳುತ್ತಾನಂತೆ. ಫಿಸಿಯೋ ಪತ್ರ ಕೊಟ್ಟಿದ್ದಾಳಲ್ಲ ಅಂತ ಕೇಳಿದ. ಕೊಟ್ಟಿದ್ದಾಳೆ, ತರ್ತೀನಿ ಅಂದೆ.

ಆಗಸ್ಟ್ ಹೋದರೆ ಈ ವರ್ಷದ ಕೂಲಿಯೇ ಹೋದ ಹಾಗೆ. ನಲವತ್ತೆಂಟು ವರ್ಷದವನನ್ನು, ಭುಜದ ಕೀಲು ತಪ್ಪಿದವನನ್ನು, ಬೇರೆ ಯಾವ ತಂಡದವರೂ ಕರೆಯುವುದಿಲ್ಲ.

ಜೂನ್ 27, ಶನಿವಾರ

ಗ್ಲೆನಿಸ್ ಬಟ್ಟೆ ಒಣಗಿಸುವ ತಂತಿಯ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಬಚ್ಚಲ ಕಿಟಕಿಯ ಹಿಂದೆ ಇದ್ದೆ. ಕದ್ದು ಕೇಳಲು ನಿಂತದ್ದಲ್ಲ. ಸರಿ, ಕೇಳಲೆಂದೇ ನಿಂತದ್ದು.

“ಇಲ್ಲ ತಮಾತಿ, ನೆವ್‌ಗೆ ಮಾತ್ರ ಗೊತ್ತಾಗಬಾರದು. ಅವನ ಸ್ವಭಾವ ನನಗೆ ಗೊತ್ತಲ್ಲ.”

ವ್ಯಾಯಾಮ — ಇಲ್ಲ.

ಜೂನ್ 28, ಭಾನುವಾರ

ಇಲ್ಲ.

ಜೂನ್ 29, ಸೋಮವಾರ

ಟ್ಯೂಬ್ — ಹದಿನೈದು, ಎಂಟು ಸಲ. ಗೋಡೆ — ಐವತ್ತು. ಚೆಂಡು ಒಂದು ನಿಮಿಷ, ಹಲ್ಲು ಕಚ್ಚಿಕೊಂಡು. ಬ್ರಾನ್ವಿನ್ ಬೇಡ ಅಂದದ್ದನ್ನೂ ಮಾಡಿದೆ. ರಾತ್ರಿ ಅನ್ನಿಸಿತು, ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಹೀಗೆ ಮಾಡುತ್ತಾಳಾ? ಅಳು ಬಂತು, ಅದನ್ನೂ ಬರೆದಿಡುತ್ತೇನೆ, ಯಾರು ಓದುತ್ತಾರೆ.

ಜುಲೈ 5, ಭಾನುವಾರ. ವಾರಿಲಾ

ಎರಡು ಗಂಟೆ ದಾರಿ. ಗ್ಲೆನಿಸ್ ಓಡಿಸಿದಳು. ನಾನು ಕಿಟಕಿ ನೋಡಿಕೊಂಡು ಬಂದೆ. ಪತ್ರ ಎಲ್ಲಿ ಅಂತ ಅವಳೂ ಕೇಳಲಿಲ್ಲ. ಆಳುಗಳ ಮನೆಯ ಮೆಟ್ಟಿಲ ಮೇಲೆ ತಮಾತಿ ನಿಂತಿದ್ದ. ಆನೆಯಂಥ ಆಳು. “ಬಾ ಅಣ್ಣ” ಅಂತ ನನ್ನ ಚೀಲ ಎತ್ತಿಕೊಳ್ಳಲು ಬಂದ, ಎಡಗೈಯಲ್ಲಿ. ಅಣ್ಣ ಅಂತೆ! ಚೀಲ ಕೊಡಲಿಲ್ಲ.

ಜುಲೈ 6, ಸೋಮವಾರ. ಬೆಳಗ್ಗೆ 9

ಹಾಸಿಗೆ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಲಸ ನಿಂತಿದೆ.

ರಾತ್ರಿ ಒಂದಿಷ್ಟು ತುಂತುರು ಬಿದ್ದಿತ್ತು. ಕುರಿಗಳು ಸೂರಿನಡಿಯಲ್ಲೇ ಇದ್ದವು. ಏಳೂವರೆಗೆ ಗಂಟೆ ಹೊಡೆಯಿತು. ಮೊದಲನೆಯ ಕುರಿ ಸಲೀಸಾಗಿ ಹೋಯಿತು, ಕೈ ಮರೆತಿರಲಿಲ್ಲ, ಖುಷಿಯಾಯಿತು. ಎರಡನೆಯದರ ಬೆನ್ನಿನುದ್ದಕ್ಕೆ ಮಿಷನ್ನು ಎಳೆಯುವಾಗ ಕೀಲು ಜಾರಿತು. ಹೋಗಿ, ತಾನೇ ವಾಪಸ್ ಕೂತಿತು. ಕಣ್ಣು ಕತ್ತಲೆ. ಯಾರಿಗೂ ಗೊತ್ತಾಗದ ಹಾಗೆ ಮುಗಿಸಿ ಕುರಿಯನ್ನು ಬಿಟ್ಟೆ. ಮೂರನೆಯದು ನನ್ನಿಂದ ಆಗುತ್ತಿರಲಿಲ್ಲ.

ಆಗಲೇ ಕ್ಲೆಮ್ ಮುದುಕ ಮಿಷನ್ನು ನಿಲ್ಲಿಸಿ, ಉಣ್ಣೆ ಒದ್ದೆ ಇದೆ, ಚೀಟಿ ಹಾಕೋಣ ಅಂದ.

ನಮ್ಮ ಪದ್ಧತಿ ಇದು. ಅನುಮಾನ ಬಂದರೆ ಎರಡೆರಡು ಕುರಿ ಕತ್ತರಿಸಿ ನೋಡಬೇಕು, ಆಮೇಲೆ ಕತ್ತರಿಸುವವರು ಮಾತ್ರ ಗುಟ್ಟಾಗಿ ಚೀಟಿ ಬರೆಯಬೇಕು. ಒದ್ದೆ ಅಥವಾ ಒಣ. ಹೆಚ್ಚು ಯಾವುದೋ ಅದು. ಕುರಿಯ ಯಜಮಾನನಾಗಲಿ ಪರ್ಸೆಲ್ ಆಗಲಿ ಬಾಯಿ ಹಾಕುವ ಹಾಗಿಲ್ಲ. ಒದ್ದೆ ಉಣ್ಣೆ ಕತ್ತರಿಸಿದರೆ ಕೀಲುಗಳಿಗೆ ನೀರಿಳಿಯುತ್ತದೆ ಅಂತ ಹಿಂದಿನವರ ಭಯ. ಒದ್ದೆ ಅಂತ ಬಂದರೆ ಎಲ್ಲರಿಗೂ ರಜ, ಯಾರಿಗೂ ಕೂಲಿ ಇಲ್ಲ.

ಕುರಿಯ ಬೆನ್ನಿಗೆ ಮುಖ ಇಟ್ಟು ನೋಡಿದೆ. ಹಪ್ಪಳದ ಹಾಗೆ ಒಣಗಿತ್ತು. ಕ್ಲೆಮ್‌ಗೆ ಗೊತ್ತಾಗಲಿಲ್ಲವೇ? ಗೊತ್ತಿದ್ದೇ ಮಾಡಿದ್ದಾನೆ, ನನ್ನನ್ನು ಪರೀಕ್ಷೆ ಮಾಡಲು ಅನ್ನಿಸಿತು. ಒಂದೇ ಒಂದು ‘ಒದ್ದೆ’ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಆ ತಮಾತಿ ಖಂಡಿತ ‘ಒಣ’ ಬರೆಯುತ್ತಾನೆ, ಇನ್ನೆರಡು ಕುರಿಗೆ ನಾನು ಬೀಳುತ್ತೇನೆ ಅಂತ ಅವನಿಗೆ ಗೊತ್ತು. ನನ್ನ ಭುಜ ಒದ್ದೆ, ಒದ್ದೆ ಅಂತ ಬೇಡಿಕೊಳ್ಳುತ್ತಿತ್ತು. ‘ಒಣ’ ಅಂತ ಬರೆದು ಮಡಚಿ ಹಾಕಿದೆ.

ಕ್ಲೆಮ್ ಟೋಪಿಯಿಂದ ಒಂದೊಂದೇ ತೆಗೆದು ಓದಿದ. ಒದ್ದೆ. ಒದ್ದೆ. ಒಣ. ಒದ್ದೆ. ಒದ್ದೆ.

ಯಾರೂ ನನ್ನ ಮುಖ ನೋಡಲಿಲ್ಲ. ಕೋಟು ಹಾಕಿಕೊಂಡು ಹೊರಟರು. ಕನಿಕರ! ನನ್ನ ಮೇಲೆ ಕನಿಕರಪಟ್ಟು ಒಂದು ದಿನದ ಕೂಲಿ ಬಿಟ್ಟರು. ಅದಕ್ಕಿಂತ ಟಗರಿನ ಒದೆ ವಾಸಿ.

ಅದೇ ದಿನ. ಸಂಜೆ 5

ಬರೆಯಲೇಬೇಕು.

ಮೂರು ಗಂಟೆಗೆ ಗ್ಲೆನಿಸ್ ಅಡುಗೆಮನೆಯಿಂದ ಪಾತ್ರೆ ಒರೆಸುವ ಟವೆಲುಗಳನ್ನು ಕಂಕುಳಲ್ಲಿಟ್ಟುಕೊಂಡು ನೀರಿನ ಟ್ಯಾಂಕಿನ ಹಿಂದಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ತಮಾತಿ ಅತ್ತಿತ್ತ ನೋಡಿಕೊಂಡು ಅದೇ ಕಡೆ ಹೋದ. ಸಿಕ್ಕಿಬಿದ್ದಿರಿ ಅಂದುಕೊಂಡೆ. ಬೂಟು ಬಿಚ್ಚಿಟ್ಟು, ಬರೀ ಕಾಲುಚೀಲದಲ್ಲಿ ಹೋದೆ. ಏನು ಹೇಳಬೇಕು, ಯಾರಿಗೆ ಮೊದಲು ಹೊಡೆಯಬೇಕು, ಯಾವ ಕೈಯಲ್ಲಿ...

ಟ್ಯಾಂಕಿನ ನಲ್ಲಿಗೆ ನನ್ನ ಸೈಕಲ್ ಟ್ಯೂಬು ಕಟ್ಟಿತ್ತು. ಆನೆಯಂಥ ತಮಾತಿ ಕಂಕುಳಲ್ಲಿ ಟವೆಲ್ ಇಟ್ಟುಕೊಂಡು ಎಳೆಯುತ್ತಿದ್ದ. ಅವನ ಪಕ್ಕ ಕ್ಲೆಮ್ ಮುದುಕ, ಇನ್ನೊಂದು ಟ್ಯೂಬು. ಫ್ಯಾರೆಲ್ ಅಣ್ಣತಮ್ಮ ಟ್ಯಾಂಕಿಗೆ ಕೈ ಊರಿ ಒತ್ತುತ್ತಿದ್ದರು. ಗ್ಲೆನಿಸ್ ಕೈಯಲ್ಲಿ ನನ್ನ ವ್ಯಾಯಾಮದ ಹಾಳೆಯ ನಕಲು. ಗಟ್ಟಿಯಾಗಿ ಓದಿ ಹೇಳುತ್ತಿದ್ದಳು, ಶಾಲೆಯ ಮೇಡಂ ಹಾಗೆ.

ಮೊದಲು ನೋಡಿದ್ದು ಕ್ಲೆಮ್. ಟ್ಯೂಬು ಬಿಟ್ಟ, ಅದು ಹೋಗಿ ಟ್ಯಾಂಕಿಗೆ ಚಟ್ಟನೆ ಬಡಿಯಿತು.

“ಬೆಳಗ್ಗೆ ನೀವೆಲ್ಲ ಒದ್ದೆ ಅಂತ ಬರೆದಿರಿ” ಅಂದೆ. ಬಾಯಿಗೆ ಬಂದದ್ದು ಅದೊಂದೇ.

“ನಿನಗೋಸ್ಕರ ಅಂದ್ಕೊಂಡ್ಯಾ?” ಅಂದ ಕ್ಲೆಮ್. “ಮಾರಾಯಾ, ಶನಿವಾರದಿಂದ ನನಗೆ ತಲೆ ಬಾಚ್ಕೊಳ್ಳೋಕೆ ಆಗ್ತಿಲ್ಲ. ನನಗೋಸ್ಕರ ಬರೆದೆ. ಇವರು ಯಾರಿಗೋಸ್ಕರ ಬರೆದರೋ ಇವರನ್ನೇ ಕೇಳು. ಒಣ ಅಂತ ಬರೆದ ಆ ಮಹಾನುಭಾವ ಯಾರು ಅಂತ ನಾವೂ ನಾಲ್ಕು ಜನ ತಲೆ ಕೆಡಿಸ್ಕೊಂಡಿದೀವಿ.”

ಕಿರಿಯ ಫ್ಯಾರೆಲ್‌ಗೆ ನಗು ತಡೆಯಲಾಗಲಿಲ್ಲ.

ತಮಾತಿ ನಗಲಿಲ್ಲ. ಏಪ್ರಿಲ್‌ನಿಂದ ಬಲಗೈ ಭುಜದ ಮೇಲಕ್ಕೆ ಏಳುತ್ತಿಲ್ಲವಂತೆ. ನೂರ ಎಂಬತ್ತು ಇದ್ದದ್ದು ನೂರ ಮೂವತ್ತಕ್ಕೆ ಇಳಿದಿದೆ. ಡಾಕ್ಟರ ಹತ್ತಿರ ಹೋದರೆ ಪರ್ಸೆಲ್‌ಗೆ ಗೊತ್ತಾಗುತ್ತದೆ, ಊರಿಗೆ ಕಳಿಸುತ್ತಾನೆ, ಅಲ್ಲಿ ಅವನ ಕೂಲಿ ನಂಬಿಕೊಂಡು ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇಷ್ಟನ್ನೂ ನೆಲ ನೋಡಿಕೊಂಡು ಹೇಳಿದ.

ಗ್ಲೆನಿಸ್‌ನ ಬೇರೆ ಕರೆದು ಕೇಳಿದೆ, ನನಗೆ ಯಾಕೆ ಹೇಳಲಿಲ್ಲ ಅಂತ.

“ಹೇಳಿದ್ರೆ ನೀನು ಪರ್ಸೆಲ್ ಹತ್ರ ಹೋಗಿ ಹೇಳ್ತಿದ್ದೆ ಕಣೋ. ನಿನ್ನ ಜಾಗ ಉಳಿಸ್ಕೊಳ್ಳೋಕೆ.”

ಇಲ್ಲ ಅನ್ನಲು ಬಾಯಿ ತೆರೆದೆ. ಅವಳು ಕಾದಳು. ಇಲ್ಲ ಅನ್ನಲು ಆಗಲಿಲ್ಲ. ನಾನು ಅವಳ ಮೇಲೆ ಏನೇನು ಅಂದುಕೊಂಡಿದ್ದೆನೋ ಅದನ್ನೂ ಹೇಳಲು ಆಗಲಿಲ್ಲ. ನಾಚಿಕೆಯಾಯಿತು. ನನ್ನ ಬರೀ ಕಾಲುಚೀಲ ನೋಡಿ ಬೂಟು ಎಲ್ಲಿ ಅಂದಳು. ಬಹುಶಃ ಎಲ್ಲವೂ ಅರ್ಥವಾಗಿದೆ ಅವಳಿಗೆ.

ಜುಲೈ 7, ಮಂಗಳವಾರ. ಬೆಳಗ್ಗೆ 6:30

ಆಕಾಶ ಬೋಳು. ಇವತ್ತು ಒದ್ದೆ ಅಂದರೆ ಕುರಿಗಳೂ ನಗುತ್ತವೆ.

ತಿಂಡಿಗೆ ಮೊದಲು ಪರ್ಸೆಲ್ ನನ್ನನ್ನು ಗಾಡಿಯ ಹತ್ತಿರ ಕರೆದ. ಪತ್ರ ಕೇಳುತ್ತಾನೆ ಅಂದುಕೊಂಡೆ. ಕೇಳಲಿಲ್ಲ. ಸಿಗರೇಟು ಹೊತ್ತಿಸಿ, ನಿಧಾನಕ್ಕೆ ಶುರು ಮಾಡಿದ.

“ನೆವ್, ನಿಜ ಹೇಳು. ಆ ತಮಾತಿ ಕೈಗೆ ಏನಾಗಿದೆ? ಲೆಕ್ಕ ಇಳೀತಾ ಇದೆ. ನಿನ್ನ ಕಣ್ಣಿಗೆ ಬೀಳದೇ ಇರೋ ವಿಷಯ ಇಲ್ಲ. ಆಗಸ್ಟಿಗೆ ನಾನು ಇವತ್ತೇ ತೀರ್ಮಾನ ಮಾಡ್ಬೇಕು.”

ಆಗಸ್ಟನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಕೊಟ್ಟ. ಎರಡು ಮಾತು ಸಾಕಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಗ್ಲೆನಿಸ್ ಮೊಟ್ಟೆ ಹುರಿಯುತ್ತಿದ್ದಳು. ನಮ್ಮ ಕಡೆ ನೋಡಲಿಲ್ಲ. ನೋಡದೆ ಇರಲು ಕಷ್ಟಪಡುತ್ತಿದ್ದಳು.

“ಅವನ ಕೈಗೆ ಏನೂ ಆಗಿಲ್ಲ. ಎರಡು ದಿನ ಹೊಟ್ಟೆ ಸರಿ ಇರಲಿಲ್ಲ ಅಷ್ಟೆ” ಅಂದೆ. “ಕೈ ಹೋಗಿರೋದು ನಂದು. ಪತ್ರ ಇಲ್ಲ. ಫಿಸಿಯೋ ಕೊಡಲಿಲ್ಲ. ನಿನ್ನೆ ಎರಡನೇ ಕುರಿಗೇ ಕೀಲು ಜಾರಿತು.”

ಪರ್ಸೆಲ್ ಸಿಗರೇಟಿನ ಬೂದಿ ಕೊಡವಿದ. ಆಗಸ್ಟು ತಮಾತಿಗೆ. ನಾನು ಈ ಶೆಡ್ಡು ಮುಗಿಯುವವರೆಗೆ ಎಲ್ಲರ ಬ್ಲೇಡು ಮಸೆದುಕೊಂಡು ಇರಬಹುದಂತೆ, ಅರ್ಧ ಕೂಲಿಗೆ. ಆಮೇಲೆ ನೋಡೋಣ ಅಂದ. ಅವನು ‘ನೋಡೋಣ’ ಅಂದರೆ ಏನು ಅಂತ ಇಪ್ಪತ್ತಾರು ವರ್ಷದಿಂದ ಗೊತ್ತು.

ಇಷ್ಟು ಮಾಡಿಯೂ ನನ್ನ ಅನುಮಾನದ ಬುದ್ಧಿ ಹೋಗಿಲ್ಲ. ಅವರಲ್ಲಿ ಒಬ್ಬನಾದರೂ ಒಳಗೊಳಗೇ ನಗುತ್ತಿರಬಹುದು. ನಗಲಿ.

ಅದೇ ದಿನ. ಸಂಜೆ 5:45

ಟ್ಯೂಬ್ — ಹದಿನೈದು, ಮೂರು. ಗೋಡೆ — ಹತ್ತು. ಬ್ರಾನ್ವಿನ್ ಹೇಳಿದಷ್ಟೇ.

ಮೂವತ್ತು ಬ್ಲೇಡು ಮಸೆದೆ, ಎಡಗೈಯಲ್ಲೇ ಒತ್ತಿ. ತಮಾತಿ ಇವತ್ತು ನೂರ ನಲವತ್ತು. ನಾನು ಹೇಳಿದ್ದನ್ನು ಪರ್ಸೆಲ್ ಅವನಿಗೆ ತಿಳಿಸಿರಬೇಕು, ಊಟದ ಹೊತ್ತಿಗೆ ನನ್ನ ಎದುರು ಬಂದು ಕೂತ. ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆದ. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತು ಒರೆಸಿದೆ. ಗ್ಲೆನಿಸ್ ನೋಡಿ, ಇವತ್ತೇ ಮಳೆ ಬರುತ್ತದೆ ಬಿಡು ಅಂದಳು.

ಈಗ ಟ್ಯಾಂಕಿನ ಹಿಂದಿನಿಂದ ಕರೆಯುತ್ತಿದ್ದಾರೆ. ಗ್ಲೆನಿಸ್‌ಗೆ ಅಡುಗೆ ಕೆಲಸ ಇದೆಯಂತೆ, ಹೇಳಿಕೊಡಲು ನಾನೇ ಬೇಕಂತೆ. ಇಲ್ಲಿಂದಲೇ ಕಾಣುತ್ತಿದೆ. ನಾಲ್ಕು ಜನ, ಎರಡು ಟ್ಯೂಬು. ತಮಾತಿ ಬೆನ್ನು ಬಗ್ಗಿಸಿ ಎಳೆಯುತ್ತಿದ್ದಾನೆ, ಎಲ್ಲ ತಪ್ಪು. ಟವೆಲ್ ಆಗಲೇ ನೆಲದ ಮೇಲೆ. ಮೊಣಕೈ ಪಕ್ಕೆಗೆ ಒತ್ತು ಅಂತ ಅವನಿಗೆ ಯಾರೂ —